ಮೊದಲು ಗಡ್ಡೆ ಅಂದರು, ಆಮೇಲೆ ಬ್ಲಡ್ ಕ್ಯಾನ್ಸರ್ ಅಂದರು: ಮಕ್ಕಳ ಅಪರೂಪದ ಲ್ಯುಕೇಮಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಸ್ಲೈಡ್ ನೋಡುವುದು ನನ್ನ ಕೆಲಸ. ಪೆಥಾಲಜಿಯವರು ರೋಗಿಗಳ ಮುಖ ನೋಡುವುದೇ ಕಡಿಮೆ, ಆದರೆ ಮಗುವಿನ ರಿಪೋರ್ಟ್ ಅಂದಾಗ ಮಾತ್ರ ಅಪ್ಪ-ಅಮ್ಮ ಫೈಲ್ ಹಿಡಿದುಕೊಂಡು ಲ್ಯಾಬ್ ಬಾಗಿಲಿಗೇ ಬಂದುಬಿಡುತ್ತಾರೆ. ಅರಸೀಕೆರೆಯಿಂದ, ಬೇಲೂರಿನಿಂದ, ಆ ಕಡೆ ಮೂಡಿಗೆರೆ, ಕೊಪ್ಪದಿಂದ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಲ್ಯುಕೇಮಿಯಾದಲ್ಲಿ ಹೆಚ್ಚಿನವು ಗುರುತು ಹಿಡಿಯಲು ಕಷ್ಟವಿಲ್ಲ. ಇಲ್ಲಿ ಬರೆದಿರುವುದು ಹಾಗೆ ಸುಲಭವಾಗಿ ಸಿಗದ ಕೆಲವೇ ಕೆಲವು ಬಗೆಗಳ ವಿಷಯ. ಇವುಗಳಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ಅರ್ಧ ಆಟ ಮುಗಿದಿರುತ್ತದೆ. ಸರಿಯಾದ ಸ್ಯಾಂಪಲ್ ಮೊದಲ ಸಲವೇ ತೆಗೆದರಾ, ಅದಕ್ಕೂ ಮುಂಚೆ ಯಾರಾದರೂ ಸ್ಟೀರಾಯ್ಡ್ ಕೊಟ್ಟಿದ್ದರಾ, ಗಡ್ಡೆಯನ್ನು ಅವಸರದಲ್ಲಿ ಕತ್ತರಿಸಿ ಪೂರ್ತಿ ಫಾರ್ಮಲಿನ್‌ಗೆ (ತುಣುಕು ಕೆಡದಂತೆ ಇಡುವ ದ್ರಾವಣ) ಹಾಕಿಬಿಟ್ಟರಾ, ಇದರ ಮೇಲೆ ಎಲ್ಲ ನಿಂತಿದೆ.

ಬ್ಲಡ್ ಕ್ಯಾನ್ಸರ್ ಅಂದ್ರೆ ರಕ್ತದಲ್ಲಿ ಇರೋದು ಅಲ್ವಾ? ಅದು ಗಡ್ಡೆ ಥರ ಹೇಗೆ ಕಾಣುತ್ತೆ?

ಶುರುವಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ರಕ್ತಕಣ ಆಗಬೇಕಾದ ಎಳೆಯ ಕಣಗಳು ಬಲಿಯುವುದನ್ನೇ ಬಿಟ್ಟು ಸುಮ್ನೆ ಹೆಚ್ಚುತ್ತಾ ಹೋಗುತ್ತವೆ. ಅವಕ್ಕೆ ಬ್ಲಾಸ್ಟ್ ಅನ್ನುತ್ತೇವೆ. ಮಜ್ಜೆ ತುಂಬಿದ ಮೇಲೆ ಅವು ರಕ್ತಕ್ಕೆ ಬರುತ್ತವೆ, ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಹೆಚ್ಚಿನ ಮಕ್ಕಳ ಕತೆ ಇಷ್ಟೇ.

ಆದರೆ ರಕ್ತ ಹೋಗದ ಜಾಗ ಮೈಯಲ್ಲಿ ಎಲ್ಲಿದೆ ಹೇಳಿ? ಕಣ್ಣಿನ ಗೂಡು, ಚರ್ಮ, ವಸಡು, ಬೆನ್ನುಹುರಿಯ ಪಕ್ಕ, ಕಿಡ್ನಿ, ವೃಷಣ, ಎಲ್ಲಿ ಬೇಕಾದರೂ ಈ ಕಣಗಳು ಕೂತು ಗಡ್ಡೆ ಕಟ್ಟಬಹುದು. ಮೈಲಾಯ್ಡ್ ಎಂಬ ರಕ್ತಕಣದ ಕವಲಿನ ಎಳೆಯ ಕಣಗಳು ಹೀಗೆ ಗಡ್ಡೆ ಕಟ್ಟಿದರೆ ಅದು ಮೈಲಾಯ್ಡ್ ಸಾರ್ಕೋಮಾ. ಇದನ್ನು 1811ರಲ್ಲೇ ಅಲನ್ ಬರ್ನ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬರೆದಿಟ್ಟಿದ್ದಾನೆ. ಹೊಸದಾಗಿ ಕತ್ತರಿಸಿದಾಗ ಕೆಲವು ಗಡ್ಡೆಗಳು ಹಸಿರು ಹಸಿರಾಗಿ ಕಾಣುತ್ತವೆ. ಆ ಕಣಗಳೊಳಗೆ ಇರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಬಣ್ಣ ಅದು, ಗಾಳಿಗೆ ಇಟ್ಟರೆ ಮಾಸಿಹೋಗುತ್ತದೆ.

ತಲೆನೋವಿನ ವಿಷಯ ಏನೆಂದರೆ ಕೆಲವು ಮಕ್ಕಳಲ್ಲಿ ಗಡ್ಡೆ ಮೊದಲು ಬರುತ್ತದೆ, ರಕ್ತದ ಕೌಂಟ್ ಆಗ ನೆಟ್ಟಗೇ ಇರುತ್ತದೆ. ರಕ್ತದಲ್ಲಿ ತೊಂದರೆ ಕಾಣುವುದು ವಾರಗಳೋ ತಿಂಗಳುಗಳೋ ಆದ ಮೇಲೆ.

ಯಾವ ಜಾಗದ ಗಡ್ಡೆ ಯಾವ ಕ್ಯಾನ್ಸರ್ ಥರ ಕಾಣುತ್ತೆ?

ಕಣ್ಣಿನಿಂದ ಶುರು ಮಾಡೋಣ. ಪುಟ್ಟ ಮಗುವಿನ ಒಂದು ಕಣ್ಣು ಮುಂದಕ್ಕೆ ಬಂದಂತೆ ಕಾಣುತ್ತಿದೆ. ಅಮ್ಮ ಮೊಬೈಲ್ ತೆಗೆದು ಹೋದ ತಿಂಗಳ ಹುಟ್ಟುಹಬ್ಬದ ಫೋಟೋ ತೋರಿಸುತ್ತಾರೆ, ಅದರಲ್ಲಿ ಎರಡೂ ಕಣ್ಣು ಸಮ. ಇಂಥ ಫೋಟೋ ಡಾಕ್ಟರಿಗೆ ತುಂಬಾ ಉಪಯೋಗ, ಎಷ್ಟು ಬೇಗ ಬೆಳೆಯಿತು ಅಂತ ಅದೇ ಹೇಳುತ್ತದೆ. ಸ್ಕ್ಯಾನ್‌ನಲ್ಲಿ ಕಣ್ಣಿನ ಹಿಂದೆ ಗಡ್ಡೆ. ಇದು ಮಾಂಸಖಂಡದ ಕ್ಯಾನ್ಸರ್ ಆದ ರಾಬ್ಡೋಮಯೋಸಾರ್ಕೋಮಾ ಇರಬಹುದು. ಹೊಟ್ಟೆಯಲ್ಲಿ ಹುಟ್ಟಿ ಕಣ್ಣಿನ ಗೂಡಿಗೆ ಹರಡಿದ, ಎಳೆಯ ನರಕಣಗಳ ಕ್ಯಾನ್ಸರ್ ಆದ ನ್ಯೂರೋಬ್ಲಾಸ್ಟೋಮಾ ಇರಬಹುದು, ಆಗ ಪೆಟ್ಟು ಬೀಳದೆಯೇ ಕಣ್ಣಿನ ಸುತ್ತ ಕಪ್ಪಾಗುತ್ತದೆ. ಮೈಲಾಯ್ಡ್ ಸಾರ್ಕೋಮಾನೂ ಇರಬಹುದು. ಸ್ಕ್ಯಾನ್ ನೋಡಿ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ.

ಮೂಳೆಯಲ್ಲಿ ಒಂದೇ ಕಡೆ ಗಡ್ಡೆ ಇದ್ದರೆ ಎಲ್ಲರ ತಲೆಗೆ ಮೊದಲು ಬರುವುದು ಯೂಯಿಂಗ್ ಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್. ಆದರೆ ಬಿ-ಲಿಂಫೋಬ್ಲಾಸ್ಟ್ ಎಂಬ ಲ್ಯುಕೇಮಿಯಾ ಕಣಗಳೂ ಮೂಳೆಯಲ್ಲಿ ಹೀಗೇ ಕೂರುತ್ತವೆ, ಎಕ್ಸ್‌ರೇಯಲ್ಲಿ ಮೂಳೆ ತಿಂದುಹಾಕಿದಂತೆ ಕಾಣುತ್ತದೆ. ಎರಡೂ ಕಿಡ್ನಿ ದೊಡ್ಡದಾಗಿದ್ದರೆ ಕಿಡ್ನಿ ಕ್ಯಾನ್ಸರ್ ಆದ ವಿಲ್ಮ್ಸ್ ಗಡ್ಡೆ ಅಂದುಕೊಳ್ಳುವುದು ಸಹಜ, ಆದರೆ ಲ್ಯುಕೇಮಿಯಾ ಕಣ ತುಂಬಿಕೊಂಡರೂ ಕಿಡ್ನಿ ಊದುತ್ತದೆ. ಎಳೆ ಕೂಸಿನ ಚರ್ಮದ ಮೇಲೆ ನೀಲಿ ನೀಲಿ ಗಂಟು ಎದ್ದರೆ ಲ್ಯುಕೇಮಿಯಾ, ನ್ಯೂರೋಬ್ಲಾಸ್ಟೋಮಾ, ಹುಟ್ಟುವ ಮೊದಲೇ ತಗುಲಿದ ಸೋಂಕು, ಎಲ್ಲವೂ ಪಟ್ಟಿಯಲ್ಲಿರುತ್ತವೆ.

ಇನ್ನು ಎದೆಗೂಡಿನ ಮಧ್ಯೆ ಬರುವ ಟಿ-ಕಣದ ಗಡ್ಡೆ. ಇದನ್ನು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಅನ್ನಬೇಕಾ, ಲ್ಯುಕೇಮಿಯಾ ಅನ್ನಬೇಕಾ ಅಂತ ಜಗಳವೇ ಬೇಡ. ಎರಡೂ ಒಂದೇ ಕಾಯಿಲೆಯ ಎರಡು ರೂಪ. ಮಜ್ಜೆಯಲ್ಲಿ ಬ್ಲಾಸ್ಟ್ ಶೇ 25ರಷ್ಟೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಲ್ಯುಕೇಮಿಯಾ ಅನ್ನುವುದು ರೂಢಿ.

ಉಲ್ಟಾನೂ ಆಗುತ್ತಾ? ಬ್ಲಡ್ ಕ್ಯಾನ್ಸರ್ ಅಂದುಕೊಂಡದ್ದು ಬೇರೆ ಕ್ಯಾನ್ಸರ್ ಆಗಿರೋದು?

ಆಗುತ್ತದೆ. ನ್ಯೂರೋಬ್ಲಾಸ್ಟೋಮಾ ಮತ್ತು ಅಲ್ವಿಯೋಲಾರ್ ಬಗೆಯ ರಾಬ್ಡೋಮಯೋಸಾರ್ಕೋಮಾ ಮಜ್ಜೆಗೆ ಹರಡುವುದರಲ್ಲಿ ನಿಸ್ಸೀಮ. ಮಗುವಿಗೆ ಜ್ವರ, ಕಾಲುನೋವು, ರಕ್ತ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ, ಮಜ್ಜೆಯಲ್ಲಿ ತುಂಬಾ ಎಳೆಯ ಕಣಗಳು. ಎಲ್ಲವೂ ಲ್ಯುಕೇಮಿಯಾಗೆ ಹೊಂದುತ್ತದೆ. ಹೊಟ್ಟೆಯ ಒಂದು ಅಲ್ಟ್ರಾಸೌಂಡ್ ಮಾಡಿಸಿದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಾಣುತ್ತದೆ. ನ್ಯೂರೋಬ್ಲಾಸ್ಟೋಮಾ ಇದ್ದರೆ ಮೂತ್ರದಲ್ಲಿ ವಿಎಂಎ, ಎಚ್‌ವಿಎ ಎಂಬ ಎರಡು ವಸ್ತು ಸಾಮಾನ್ಯವಾಗಿ ಏರಿರುತ್ತವೆ. ಮೂತ್ರ ಪರೀಕ್ಷೆ ಅಂತ ಯಾರೂ ಹಗುರವಾಗಿ ನೋಡಬೇಡಿ, ಸೂಜಿ ಚುಚ್ಚದೆ ಇಷ್ಟು ಮಾಹಿತಿ ಕೊಡುವ ಟೆಸ್ಟ್ ಇನ್ನೊಂದಿಲ್ಲ.

ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗೊತ್ತಾಗಿಬಿಡುತ್ತೆ ಅಲ್ವಾ?

ಗೊತ್ತಾಗಿದ್ದರೆ ಈ ಪುಟವೇ ಬೇಕಿರಲಿಲ್ಲ!

ಮಕ್ಕಳಿಗೆ ಬರುವ ಬಹಳಷ್ಟು ಕ್ಯಾನ್ಸರ್‌ಗಳು ಬಣ್ಣ ಹಾಕಿದ ಸ್ಲೈಡಿನಲ್ಲಿ ಒಂದೇ ಥರ: ಸಣ್ಣ, ದುಂಡನೆಯ, ನೀಲಿ ಕಣಗಳು. ನಡುವಿನ ನ್ಯೂಕ್ಲಿಯಸ್ ದೊಡ್ಡದು, ಸುತ್ತಲಿನ ರಸ ತೀರಾ ಕಮ್ಮಿ. ನ್ಯೂರೋಬ್ಲಾಸ್ಟೋಮಾ, ಯೂಯಿಂಗ್, ರಾಬ್ಡೋಮಯೋಸಾರ್ಕೋಮಾ, ಲಿಂಫೋಮಾ, ಲ್ಯುಕೇಮಿಯಾ, ಎಲ್ಲದರ ಮುಖಚಹರೆ ಹೆಚ್ಚುಕಮ್ಮಿ ಇದೇ. ಪುಡಿ ಮಾಡಿಟ್ಟ ಕಾಫಿಯನ್ನು ಬರೀ ಕಣ್ಣಲ್ಲಿ ನೋಡಿ ಇದು ಅರೇಬಿಕಾ, ಇದು ರೋಬಸ್ಟಾ ಅಂತ ಹೇಳಿ ಅಂದರೆ ನಮ್ಮ ಕಡೆಯ ಪ್ಲಾಂಟರ್‌ಗಳೂ ಹೇಳಲಾರರು, ಹಾಗೆ.

ಕೆಲವು ಸುಳಿವು ಇರುತ್ತವೆ. ಲ್ಯುಕೇಮಿಯಾ ಕಣಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಹರಡಿರುತ್ತವೆ. ಗಡ್ಡೆ ಕ್ಯಾನ್ಸರ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರುತ್ತವೆ. ಪಾಠದಲ್ಲಿ ನಮಗೆ ಹೇಳಿಕೊಟ್ಟದ್ದು ಇದು. ಈ ನಿಯಮವನ್ನು ಮುರಿಯುವುದಕ್ಕೇ ಒಂದು ಲ್ಯುಕೇಮಿಯಾ ಇದೆ.

ಯಾವುದದು?

ಮೆಗಾಕ್ಯಾರಿಯೋಬ್ಲಾಸ್ಟಿಕ್ ಲ್ಯುಕೇಮಿಯಾ. ಹಳೆಯ ಡಾಕ್ಟರುಗಳು ಎಂ-7 ಅನ್ನುತ್ತಾರೆ. ಪ್ಲೇಟ್‌ಲೆಟ್ ತಯಾರಿಸಬೇಕಾದ ಕಣಗಳ ಕ್ಯಾನ್ಸರ್ ಇದು. ಎಎಂಎಲ್ ಎಂಬ ಮೈಲಾಯ್ಡ್ ಲ್ಯುಕೇಮಿಯಾಗಳ ದೊಡ್ಡ ಗುಂಪಿನ ಒಂದು ಚಿಕ್ಕ ಕವಲು, ಹೆಚ್ಚಾಗಿ ಪುಟ್ಟ ಮಕ್ಕಳಿಗೆ ಬರುತ್ತದೆ.

ಇದರ ಕಣಗಳು ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ. ಜೊತೆಗೆ ಮಜ್ಜೆಯೊಳಗೆ ನಾರು ಬೆಳೆಸುತ್ತವೆ, ಹಾಗಾಗಿ ಸೂಜಿ ಹಾಕಿ ಎಳೆದರೆ ಏನೂ ಬರುವುದಿಲ್ಲ. ಬಂದ ನಾಲ್ಕು ಹನಿ ರಕ್ತದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಕಣಗಳ ಒಂದು ಮುದ್ದೆ. ನೋಡಿದವರು ಇದು ಬೇರೆಲ್ಲಿಂದಲೋ ಹರಡಿದ ಗಡ್ಡೆ, ಬಹುಶಃ ನ್ಯೂರೋಬ್ಲಾಸ್ಟೋಮಾ ಅಂದರೆ ಅವರನ್ನು ಬೈಯುವಂತಿಲ್ಲ.

ಇದರಲ್ಲೂ ಒಂದು ಉಪಬಗೆ ಇನ್ನೂ ಕಿಲಾಡಿ. 16ನೇ ಕ್ರೋಮೋಸೋಮ್‌ನ ಒಂದು ಭಾಗ ತಿರುಗಿ ಕೂತು, ಸಿಬಿಎಫ್‌ಎ2ಟಿ3 ಮತ್ತು ಜಿಎಲ್‌ಐಎಸ್2 ಎಂಬ ಎರಡು ಜೀನ್ ಬೆಸೆದುಕೊಂಡಾಗ ಇದು ಬರುತ್ತದೆ. 2012ರಲ್ಲಿ ಇದನ್ನು ಗುರುತಿಸಿದರು, ಅಂದರೆ ತೀರಾ ಹಳೆಯ ವಿಷಯವೇನಲ್ಲ. ಬಿಳಿ ರಕ್ತ ಕಣಗಳ ಮೇಲೆ ಸಿಡಿ45 ಎಂಬ ಗುರುತು ಇರಬೇಕು, ಇದರಲ್ಲಿ ಅದು ಮಂಕಾಗಿರುತ್ತದೆ ಅಥವಾ ಕಾಣುವುದೇ ಇಲ್ಲ. ನ್ಯೂರೋಬ್ಲಾಸ್ಟೋಮಾದಲ್ಲಿ ಜೋರಾಗಿ ಕಾಣುವ ಸಿಡಿ56 ಇದರಲ್ಲೂ ಜೋರಾಗಿರುತ್ತದೆ. ಅಂದರೆ ಲ್ಯುಕೇಮಿಯಾದ ಗುರುತಿನ ಚೀಟಿ ಇಲ್ಲ, ಬೇರೆಯವರ ಚೀಟಿ ಜೇಬಿನಲ್ಲಿದೆ. ಇದನ್ನು ರ‍್ಯಾಮ್ ಫೀನೋಟೈಪ್ ಅನ್ನುತ್ತಾರೆ. ಮಾಮೂಲಿ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಈ ತಿರುಗು ಕಣ್ಣಿಗೆ ಬೀಳುವುದಿಲ್ಲ. ಫಿಶ್ (ಜೀನ್‌ಗೆ ಹೊಳೆಯುವ ಗುರುತು ಅಂಟಿಸಿ ನೋಡುವುದು) ಅಥವಾ ಆರ್‌ಎನ್‌ಎ ಮಟ್ಟದ ಪರೀಕ್ಷೆಯನ್ನು ಹುಡುಕಿಯೇ ಮಾಡಬೇಕು. ಗುಣವಾಗುವುದು ಕಷ್ಟವಾದ ಬಗೆ ಇದು, ಮುಚ್ಚಿಡುವುದಿಲ್ಲ. ಹಾಗಾಗಿಯೇ ಶುರುವಿನಲ್ಲಿ ತಪ್ಪು ದಾರಿಯಲ್ಲಿ ದಿನ ಕಳೆಯಬಾರದು.

ಸೊಂಟಕ್ಕೆ ಸೂಜಿ ಹಾಕಿದರು, ಮಜ್ಜೆ ಬರಲೇ ಇಲ್ಲ ಅಂದರು. ಮತ್ತೆ ಚುಚ್ಚಬೇಕಂತೆ. ಡಾಕ್ಟರಿಗೆ ಸರಿಯಾಗಿ ಬರಲ್ವಾ?

ಅದು ಡಾಕ್ಟರ ಕೈ ತಪ್ಪು ಅಂತ ಹೇಳಲಾಗದು. ಡ್ರೈ ಟ್ಯಾಪ್ ಅನ್ನುತ್ತೇವೆ. ಮಜ್ಜೆಯಲ್ಲಿ ನಾರು ತುಂಬಿದ್ದರೆ ಅಥವಾ ಕಣಗಳು ಇಟ್ಟಣಿಸಿಕೊಂಡಿದ್ದರೆ ಸಿರಿಂಜ್ ಎಳೆದಷ್ಟೂ ಬರೀ ಗಾಳಿ. ಮಜ್ಜೆ ಬರಲಿಲ್ಲ ಅನ್ನುವುದೇ ಒಂದು ಸುಳಿವು.

ಆಗ ಬಯಾಪ್ಸಿ ಬೇಕು. ಸೊಂಟದ ಹಿಂದಿನ ಮೂಳೆಯಿಂದ ದಪ್ಪ ಸೂಜಿಯಲ್ಲಿ ಒಂದು ಸಣ್ಣ ತುಣುಕು ತೆಗೆಯುತ್ತಾರೆ, ಮಗುವಿಗೆ ಮಂಪರು ಕೊಟ್ಟು. ಉದ್ದ ಒಂದೆರಡು ಸೆಂಟಿಮೀಟರ್. ಆ ತುಣುಕನ್ನು ಫಾರ್ಮಲಿನ್ ಬಾಟಲಿಗೆ ಹಾಕುವ ಮೊದಲು ಗಾಜಿನ ಸ್ಲೈಡ್ ಮೇಲೆ ಮೆಲ್ಲಗೆ ಒತ್ತಿ, ಉರುಳಿಸಿ, ನಾಲ್ಕೈದು ಸ್ಲೈಡ್ ಮಾಡಿಕೊಳ್ಳಬೇಕು. ಮೂಳೆಯಿಂದ ಕಣಗಳು ಗಾಜಿಗೆ ಅಂಟುತ್ತವೆ, ಒಣಗಿಸಿ ಬಣ್ಣ ಹಾಕಿದರೆ ಅವತ್ತೇ ನೋಡಬಹುದು. ಎರಡು ನಿಮಿಷದ ಕೆಲಸ. ಡ್ರೈ ಟ್ಯಾಪ್ ಆದ ಮಗುವಿನಲ್ಲಿ ಕೆಲವೊಮ್ಮೆ ಇಡೀ ರೋಗನಿರ್ಣಯ ಈ ಒತ್ತು ಸ್ಲೈಡ್‌ಗಳ ಮೇಲೇ ನಿಲ್ಲುತ್ತದೆ. ಫಾರ್ಮಲಿನ್‌ಗೆ ಬಿದ್ದ ಮೇಲೆ ಒತ್ತಲು ಆಗುವುದಿಲ್ಲ.

ಇನ್ನೊಂದು ವಿಷಯ, ಇದು ಡಾಕ್ಟರುಗಳಿಗೆ. ಮೂಳೆ ತುಣುಕನ್ನು ಕೊಯ್ಯುವ ಮೊದಲು ಅದರ ಸುಣ್ಣದ ಅಂಶ ಕರಗಿಸಬೇಕಲ್ಲ, ಅದಕ್ಕೆ ಗಡಸು ಆಸಿಡ್ ಬಳಸಿದರೆ ಡಿಎನ್ಎ ಹಾಳಾಗುತ್ತದೆ, ಮುಂದೆ ಜೆನೆಟಿಕ್ ಟೆಸ್ಟ್‌ಗೆ ಆ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಉಪಯೋಗಕ್ಕೆ ಬರುವುದಿಲ್ಲ. ಇಡಿಟಿಎ ಎಂಬ ದ್ರಾವಣದಲ್ಲಿ ಕರಗಿಸಿದರೆ ನಿಧಾನ, ಆದರೆ ಡಿಎನ್ಎ ಉಳಿಯುತ್ತದೆ.

ಫ್ಲೋ ಸೈಟೋಮೆಟ್ರಿ, ಐಎಚ್‌ಸಿ ಅಂತ ಬರೆದುಕೊಟ್ಟಿದ್ದಾರೆ. ಏನವು? ಎರಡೂ ಬೇಕಾ?

ಕಣದ ಮೈಮೇಲೆ, ಒಳಗೆ, ಯಾವ ಯಾವ ಗುರುತುಗಳಿವೆ ಅಂತ ನೋಡುವ ಎರಡು ದಾರಿ. ಫ್ಲೋ ಅಂದರೆ ಜೀವಂತ ಕಣಗಳನ್ನು ದ್ರವದಲ್ಲಿ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ನೋಡುವುದು. ಐಎಚ್‌ಸಿ ಅಂದರೆ ಫಾರ್ಮಲಿನ್‌ನಲ್ಲಿಟ್ಟು ಬ್ಲಾಕ್ ಮಾಡಿದ ತುಣುಕಿಗೆ ಬಣ್ಣದ ಆಂಟಿಬಾಡಿ ಹಾಕಿ ನೋಡುವುದು. ಫ್ಲೋ ಒಂದೆರಡು ದಿನದಲ್ಲಿ ಬರುತ್ತದೆ. ಐಎಚ್‌ಸಿಗೆ ಕೆಲವು ದಿನ ಬೇಕು, ಗುರುತುಗಳನ್ನು ಮತ್ತೆ ಮತ್ತೆ ಹಾಕಬೇಕಾಗಿ ಬಂದರೆ ಇನ್ನೂ ಜಾಸ್ತಿ.

ಮೋಸ ಹೋಗುವ ಜಾಗ ಇಲ್ಲಿದೆ. ಗುರುತು ನಾಲ್ಕೇ ಹಾಕಿ ನಿಲ್ಲಿಸಿದರೆ ಕೆಟ್ಟಿತು. ಸಿಡಿ99 ಇದ್ದರೆ ಯೂಯಿಂಗ್ ಅನ್ನುವ ಅಭ್ಯಾಸ ಇದೆ, ಆದರೆ ಲಿಂಫೋಬ್ಲಾಸ್ಟ್ ಕಣಗಳಲ್ಲೂ ಸಿಡಿ99 ಇರುತ್ತದೆ, ಮತ್ತು ಅವುಗಳಲ್ಲಿ ಕೆಲವಕ್ಕೆ ಸಿಡಿ45 ಇರುವುದಿಲ್ಲ. ಮೂಳೆಯಲ್ಲಿ ಗಡ್ಡೆ, ಸಿಡಿ99 ಇದೆ, ಸಿಡಿ45 ಇಲ್ಲ. ಇಷ್ಟಕ್ಕೇ ಯೂಯಿಂಗ್ ಅಂತ ಬರೆದರೆ ಲ್ಯುಕೇಮಿಯಾ ಜಾತಿಯ ಕಾಯಿಲೆಗೆ ಸಾರ್ಕೋಮಾದ ಔಷಧ ಹೋಗುತ್ತದೆ. ಟಿಡಿಟಿ, ಪ್ಯಾಕ್ಸ್5, ಸಿಡಿ79ಎ ಕೂಡ ಹಾಕಿದರೆ ಬಣ್ಣ ಬಯಲಾಗುತ್ತದೆ. ಯೂಯಿಂಗ್ ಅಂತ ಖಚಿತ ಮಾಡಲು ಇಡಬ್ಲ್ಯುಎಸ್‌ಆರ್1 ಜೀನ್ ಮುರಿದಿದೆಯಾ ಅಂತ ನೋಡಬೇಕು. ಮೆಗಾಕ್ಯಾರಿಯೋಬ್ಲಾಸ್ಟ್ ಅಂತ ಅನುಮಾನ ಇದ್ದರೆ ಸಿಡಿ41, ಸಿಡಿ61 ಕೇಳಲೇಬೇಕು. ರಾಬ್ಡೋಗೆ ಡೆಸ್ಮಿನ್, ಮಯೋಜೆನಿನ್. ನ್ಯೂರೋಬ್ಲಾಸ್ಟೋಮಾಗೆ ಫಾಕ್ಸ್2ಬಿ.

ನೀವು ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ರಿಪೋರ್ಟ್‌ನಲ್ಲಿ ಎರಡೋ ಮೂರೋ ಗುರುತು ಮಾತ್ರ ಬರೆದು ದೊಡ್ಡ ತೀರ್ಮಾನ ಕೊಟ್ಟಿದ್ದರೆ, ಇನ್ನೂ ಬೇರೆ ಗುರುತು ನೋಡಬೇಕಾ ಸಾರ್ ಅಂತ ಒಂದು ಮಾತು ಕೇಳಿ. ಅಷ್ಟು ಸಾಕು.

ಗಡ್ಡೆ ಕಣ್ಣಿಗೆ ಕಾಣ್ತಾ ಇದೆ. ಪೂರ್ತಿ ತೆಗೆಸಿಬಿಟ್ಟರೆ ಮುಗಿಯಿತಲ್ಲ?

ಗಡ್ಡೆ ಲ್ಯುಕೇಮಿಯಾದ್ದಾದರೆ ಮುಗಿಯುವುದಿಲ್ಲ. ಕಾಯಿಲೆ ಇಡೀ ಮಜ್ಜೆಯಲ್ಲಿದೆ, ಕೀಮೋಥೆರಪಿಗೇ ಈ ಗಡ್ಡೆ ಕರಗುತ್ತದೆ. ದೊಡ್ಡ ಆಪರೇಷನ್ ಮಾಡಿದರೆ ಮಗುವಿಗೆ ಗಾಯ, ಗಾಯ ಮಾಯುವವರೆಗೆ ಕೀಮೋ ತಡ. ಕಣ್ಣಿನ ಹತ್ತಿರವಂತೂ ಬೇಡವೇ ಬೇಡ.

ಬೇಕಿರುವುದು ಚಿಕ್ಕ ತುಣುಕು. ಮತ್ತು ಆ ತುಣುಕನ್ನು ಹಂಚಿಕೊಳ್ಳುವ ರೀತಿ ಮುಖ್ಯ. ಒಂದು ಭಾಗ ಫಾರ್ಮಲಿನ್‌ಗೆ. ಒಂದು ಭಾಗ ಹಸಿಯಾಗೇ, ಸಲೈನ್‌ನಲ್ಲೋ ಲ್ಯಾಬ್ ಕೊಟ್ಟ ದ್ರಾವಣದಲ್ಲೋ, ಫ್ಲೋ ಮತ್ತು ಜೆನೆಟಿಕ್ಸ್‌ಗೆ. ಪೂರ್ತಿ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಫ್ಲೋ ಆಗುವುದಿಲ್ಲ, ಕ್ರೋಮೋಸೋಮ್ ಬೆಳೆಸಲೂ ಆಗುವುದಿಲ್ಲ. ಆಪರೇಷನ್‌ಗೆ ಒಪ್ಪಿಗೆ ಸಹಿ ಹಾಕುವಾಗ ಸರ್ಜನ್ ಹತ್ತಿರ ಕೇಳಿ: ಸ್ವಲ್ಪ ಹಸಿ ಸ್ಯಾಂಪಲ್ ಎತ್ತಿಡುತ್ತೀರಾ? ಪೆಥಾಲಜಿಯವರಿಗೆ ಮೊದಲೇ ಹೇಳಿದ್ದೀರಾ?

ಸಾಧ್ಯವಾದರೆ ಬಯಾಪ್ಸಿ ಶನಿವಾರ ಸಂಜೆ ಬೇಡ. ನಮ್ಮ ಕಡೆಯ ಹಸಿ ಸ್ಯಾಂಪಲ್‌ಗಳು ಥರ್ಮಾಕೋಲ್ ಡಬ್ಬದಲ್ಲಿ ಸುಮಾರು 185 ಕಿಲೋಮೀಟರ್ ಪ್ರಯಾಣ ಮಾಡಿ ಬೆಂಗಳೂರು ಸೇರಬೇಕು, ಚಿಕ್ಕಮಗಳೂರಿನಿಂದಾದರೆ ಇನ್ನೂ ದೂರ. ಒಂದು ದಿನ, ಹೆಚ್ಚೆಂದರೆ ಎರಡು ದಿನದೊಳಗೆ ಯಂತ್ರದ ಮುಂದೆ ಇರಬೇಕು. ಭಾನುವಾರ ಯಾರದೋ ಮೇಜಿನ ಮೇಲೆ ಕೂತ ಸ್ಯಾಂಪಲ್‌ನಲ್ಲಿ ಸೋಮವಾರ ಸತ್ತ ಕಣಗಳೇ ಜಾಸ್ತಿ. ಮಗುವಿಗೆ ಉಸಿರು ಕಟ್ಟುವಂಥ ತುರ್ತು ಇದ್ದರೆ ಈ ಮಾತು ಮರೆತುಬಿಡಿ, ತುರ್ತಿಗೆ ವಾರ ಇಲ್ಲ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತಂತೆ?

ಲ್ಯುಕೇಮಿಯಾದಲ್ಲಿ ಈ ಭಯಕ್ಕೆ ಅರ್ಥವೇ ಇಲ್ಲ, ಅದು ಮೊದಲೇ ಮೈಯೆಲ್ಲ ಓಡಾಡುತ್ತಿದೆ. ಬೇರೆ ಗಡ್ಡೆಗಳಲ್ಲಿ ಎಲ್ಲಿ, ಹೇಗೆ ಸೂಜಿ ಹಾಕಬೇಕು ಅನ್ನುವುದಕ್ಕೆ ಕ್ರಮ ಇದೆ. ಅದನ್ನು ತಿಳಿದವರ ಕೈಯಲ್ಲಿ ಮಾಡಿಸಿ.

ಬೆನ್ನಿನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತೆ ಅಂತ ಅಜ್ಜಿ ಹೇಳ್ತಾರೆ.

ಇಲ್ಲ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ. ಮೆದುಳಿನ ಸುತ್ತಲಿನ ದ್ರವದಲ್ಲಿ ಲ್ಯುಕೇಮಿಯಾ ಕಣ ಇದೆಯಾ ಅಂತ ನೋಡಲೇಬೇಕು. ಅಜ್ಜಿಗೂ ಹೀಗೇ ವಿವರಿಸಿ, ಅವರು ಒಪ್ಪಿದರೆ ಮನೆಯಲ್ಲಿ ಅರ್ಧ ಗಲಾಟೆ ಕಮ್ಮಿ.

ಇಲ್ಲಿ ಎಲ್ಲರೂ ಡೆಂಗ್ಯೂ ಅಂತಲೇ ಹೇಳಿದರು. ಕ್ಯಾನ್ಸರ್ ಅಂತ ಯಾಕೆ ಮೊದಲೇ ಹೇಳಲಿಲ್ಲ?

ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರಿನಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಡೆಂಗ್ಯೂ ಅಂದುಕೊಳ್ಳುವುದೇ ಸರಿ, ಬಹುಪಾಲು ಅದೇ ಆಗಿರುತ್ತದೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಬೇಸಿಗೆ ಹೊತ್ತಿಗೆ ಮಂಗನ ಕಾಯಿಲೆಯೂ ಪಟ್ಟಿಗೆ ಸೇರುತ್ತದೆ, ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಸೋರುತ್ತದೆ. ನೂರು ಜ್ವರದ ಮಕ್ಕಳಿಗೆಲ್ಲ ಬೋನ್ ಮ್ಯಾರೋ ಮಾಡಲು ಆಗುತ್ತದಾ?

ಆದರೆ ಡೆಂಗ್ಯೂ ಒಂದು ವಾರ, ಹತ್ತು ದಿನದಲ್ಲಿ ತನ್ನ ಪಾಡಿಗೆ ಇಳಿಯುತ್ತದೆ, ಪ್ಲೇಟ್‌ಲೆಟ್ ಮೇಲೇಳುತ್ತದೆ. ಏಳಲಿಲ್ಲ ಅಂದರೆ, ಅಥವಾ ಹಿಮೋಗ್ಲೋಬಿನ್ ಕೂಡ ಇಳಿಯುತ್ತಾ ಹೋದರೆ, ಜ್ವರ ಎರಡು ವಾರ ದಾಟಿದರೆ, ಮಗು ರಾತ್ರಿ ಕಾಲುನೋವಿಗೆ ಎದ್ದು ಅಳುತ್ತಿದ್ದರೆ, ಕುಂಟುತ್ತಿದ್ದರೆ, ಹೊಟ್ಟೆಯ ಎಡಗಡೆ ಗುಲ್ಮ ಕೈಗೆ ಸಿಗುತ್ತಿದ್ದರೆ, ಆಗ ಯಂತ್ರದ ಕೌಂಟ್ ಮಾತ್ರ ಸಾಲದು. ಪೆರಿಫೆರಲ್ ಸ್ಮಿಯರ್ ಬೇಕು, ಅಂದರೆ ಒಬ್ಬ ಮನುಷ್ಯ ಕೂತು ಸ್ಲೈಡ್ ನೋಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ, ಖರ್ಚೇ ಇಲ್ಲದ ಟೆಸ್ಟ್ ಇದು. ಒಂದೇ ಎಚ್ಚರ: ಸ್ಮಿಯರ್‌ನಲ್ಲಿ ಬ್ಲಾಸ್ಟ್ ಇಲ್ಲ ಅಂದ ಮಾತ್ರಕ್ಕೆ ಲ್ಯುಕೇಮಿಯಾ ಇಲ್ಲ ಅಂತ ಅಲ್ಲ. ಕೆಲವು ಮಕ್ಕಳಲ್ಲಿ ಕಣಗಳು ಮಜ್ಜೆಯಲ್ಲೇ ಅಡಗಿ ಕೂತಿರುತ್ತವೆ.

ಕಾಲುನೋವಿಗೆ, ಕೆಮ್ಮಿಗೆ ಕೊಟ್ಟ ಸಿರಪ್‌ನಲ್ಲಿ ಸ್ಟೀರಾಯ್ಡ್ ಇತ್ತಂತೆ. ಅದರಿಂದ ಏನಾಗುತ್ತೆ?

ಇದನ್ನು ನಾನು ಎಷ್ಟು ಜೋರಾಗಿ ಹೇಳಿದರೂ ಸಾಲದು. ಲಿಂಫೋಬ್ಲಾಸ್ಟ್ ಕಣಗಳನ್ನು ಸ್ಟೀರಾಯ್ಡ್ ಕೊಲ್ಲುತ್ತದೆ, ಲ್ಯುಕೇಮಿಯಾ ಚಿಕಿತ್ಸೆಯಲ್ಲೇ ಅದು ಒಂದು ಔಷಧಿ. ಹಾಗಾಗಿ ನಾಲ್ಕು ದಿನ ಕೊಟ್ಟರೆ ಜ್ವರ ಇಳಿಯುತ್ತದೆ, ನೋವು ಹೋಗುತ್ತದೆ, ಗಂಟು ಕರಗುತ್ತದೆ, ಮನೆಯವರೆಲ್ಲ ಖುಷಿ. ಆಮೇಲೆ ಮಜ್ಜೆ ತೆಗೆದರೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಕೆಲವು ವಾರ ಬಿಟ್ಟು ಕಾಯಿಲೆ ವಾಪಸ್ ಬರುತ್ತದೆ, ಔಷಧಕ್ಕೆ ಬಗ್ಗದಂತಾಗಿಯೂ ಬರಬಹುದು. ಕೀಲುವಾತ ಅಂದುಕೊಂಡು ಕೊಟ್ಟ ಮಕ್ಕಳಲ್ಲಿ ಇದು ಜಾಸ್ತಿ.

ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಈ ಹೆಸರು ಬಾಟಲಿ ಮೇಲೆ ಇದೆಯಾ ನೋಡಿ. ವೈಸೊಲೋನ್, ಓಮ್ನಾಕಾರ್ಟಿಲ್ ಅಂದರೂ ಪ್ರೆಡ್ನಿಸೊಲೋನೇ. ಉಬ್ಬಸ ಇರುವ ಮಗುವಿಗೆ ಇದು ಬೇಕೇ ಬೇಕಾಗುತ್ತದೆ, ಅದನ್ನು ಹೆದರಿ ನಿಲ್ಲಿಸಬೇಡಿ. ನಾನು ಹೇಳುತ್ತಿರುವುದು ಕಾರಣ ಗೊತ್ತಿಲ್ಲದ ಜ್ವರ, ಗಂಟು, ಮೂಳೆನೋವಿನ ಬಗ್ಗೆ. ಈಗಾಗಲೇ ಕೊಟ್ಟಾಗಿದ್ದರೆ ಮುಚ್ಚಿಡಬೇಡಿ. ಎಷ್ಟು ದಿನ, ಎಷ್ಟು ಎಂಎಲ್, ಬಾಟಲಿ ಸಮೇತ ತಂದು ತೋರಿಸಿ. ಕ್ಲಿನಿಕ್‌ನಲ್ಲಿ ಚೀಟಿ ಇಲ್ಲದೆ ಕೊಟ್ಟ ಮಾತ್ರೆ, ಪುಡಿ ಇದ್ದರೂ ತನ್ನಿ.

ಹಾಗಾದರೆ ಎಲ್ಲ ಟೆಸ್ಟ್ ಬರುವವರೆಗೂ ಚಿಕಿತ್ಸೆ ಕೊಡದೆ ಕಾಯಬೇಕಾ?

ಸ್ಮಿಯರ್ ಅವತ್ತೇ. ಫ್ಲೋ ಒಂದೆರಡು ದಿನ. ಫಿಶ್ ಇನ್ನೂ ಕೆಲವು ದಿನ. ಕ್ರೋಮೋಸೋಮ್ ಒಂದೆರಡು ವಾರ. ಎನ್‌ಜಿಎಸ್ ಅಂತ ಕರೆಯುವ ಜೀನ್‌ಗಳ ಪಟ್ಟಿಗೆ ಎರಡರಿಂದ ನಾಲ್ಕು ವಾರ. ಎಲ್ಲದಕ್ಕೂ ಕಾಯುವುದಿಲ್ಲ. ಲ್ಯುಕೇಮಿಯಾ ಹೌದು, ಇಂಥ ಜಾತಿ ಅನ್ನುವಷ್ಟು ಗೊತ್ತಾದರೆ ಶುರು ಮಾಡುತ್ತಾರೆ, ಉಳಿದವು ಬಂದಂತೆ ಚಿಕಿತ್ಸೆ ತಿದ್ದಿಕೊಳ್ಳುತ್ತಾರೆ. ಸ್ಯಾಂಪಲ್ ಮಾತ್ರ ಮೊದಲೇ ತೆಗೆದಿರಬೇಕು.

ಕಾಯಲೇಬಾರದ ಸಂದರ್ಭಗಳೂ ಇವೆ. ಎದೆಯ ಗಡ್ಡೆ ಶ್ವಾಸನಾಳ ಒತ್ತುತ್ತಿದ್ದರೆ ಮಗು ಮಲಗಲೂ ಆಗದೆ ಕೂತೇ ಉಸಿರಾಡುತ್ತದೆ. ಆಗ ಮಂಪರು ಕೊಡುವುದೇ ಅಪಾಯ. ರಕ್ತದಿಂದಲೋ ಎದೆಯಲ್ಲಿ ತುಂಬಿದ ನೀರಿನಿಂದಲೋ ಸಿಕ್ಕಷ್ಟು ಸ್ಯಾಂಪಲ್ ತೆಗೆದು ಸ್ಟೀರಾಯ್ಡ್ ಶುರು ಮಾಡಬೇಕಾಗಬಹುದು, ಇದಕ್ಕೂ ಮೇಲಿನ ಬೈಗುಳಕ್ಕೂ ಸಂಬಂಧವಿಲ್ಲ. ಎಪಿಎಂಎಲ್ ಎಂಬ ಲ್ಯುಕೇಮಿಯಾ ಬಗೆಯಲ್ಲಿ ರಕ್ತಸ್ರಾವ ಗಂಟೆಗಳ ಲೆಕ್ಕದಲ್ಲಿ ಕೈ ಮೀರುತ್ತದೆ, ಅನುಮಾನ ಬಂದ ತಕ್ಷಣ ಎಟ್ರಾ ಎಂಬ ಮಾತ್ರೆ ಶುರು ಮಾಡಿ ಆಮೇಲೆ ಖಚಿತ ಮಾಡಿಕೊಳ್ಳುತ್ತಾರೆ.

ನಮ್ಮ ಮಗುವಿಗೆ ಡೌನ್ ಸಿಂಡ್ರೋಮ್ ಇದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ. ಮೇಲೆ ಹೇಳಿದ ಎಂ-7 ಬಗೆ ಈ ಮಕ್ಕಳಲ್ಲಿ ಬೇರೆ ಮಕ್ಕಳಿಗಿಂತ ನೂರಾರು ಪಟ್ಟು ಜಾಸ್ತಿ, ಹೆಚ್ಚಾಗಿ 4 ವರ್ಷದೊಳಗೆ. ಆದರೆ ಸಮಾಧಾನದ ವಿಷಯವೂ ಇದೆ. ಗಾಟಾ1 ಜೀನ್‌ನ ಬದಲಾವಣೆಯಿಂದ ಬರುವ ಇವರ ಲ್ಯುಕೇಮಿಯಾ ಕೀಮೋಗೆ ಚೆನ್ನಾಗಿ ಬಗ್ಗುತ್ತದೆ, ಔಷಧದ ಪ್ರಮಾಣವೂ ಕಮ್ಮಿ ಸಾಕು.

ಹುಟ್ಟಿದ ಹೊಸದರಲ್ಲೇ ರಕ್ತದಲ್ಲಿ ಬ್ಲಾಸ್ಟ್ ಕಂಡರೆ ಗಾಬರಿಯಾಗಬೇಡಿ. ಈ ಮಕ್ಕಳಲ್ಲಿ ಸುಮಾರು ಶೇ 10ರಷ್ಟರಲ್ಲಿ ಹೀಗೆ ತಾತ್ಕಾಲಿಕವಾಗಿ ಆಗುತ್ತದೆ, ಬಹುಪಾಲು ತಾನಾಗಿಯೇ ಹೋಗುತ್ತದೆ. ಹಾಗೆ ಆದವರಲ್ಲಿ ಶೇ 20ರಿಂದ 30ರಷ್ಟು ಮಕ್ಕಳಿಗೆ ಮುಂದೆ ಲ್ಯುಕೇಮಿಯಾ ಬರಬಹುದು. ಅದಕ್ಕೇ ಆಗಾಗ ಕೌಂಟ್ ನೋಡಿಸುತ್ತಿರಬೇಕು.

ಜೆಎಂಎಂಎಲ್ ಇರಬಹುದು ಅಂತ ಬರೆದಿದ್ದಾರೆ. ಇಂಟರ್ನೆಟ್‌ನಲ್ಲಿ ನೋಡಿ ನಿದ್ದೆ ಬರ್ತಿಲ್ಲ.

ಮೊದಲು ಇಂಟರ್ನೆಟ್ ಬಂದ್ ಮಾಡಿ. ಇದು ಹೆಚ್ಚಾಗಿ 4 ವರ್ಷದೊಳಗಿನವರಿಗೆ ಬರುವ, ಲ್ಯುಕೇಮಿಯಾದ ತೀರಾ ಅಪರೂಪದ ಬಗೆ. ಗುಲ್ಮ ದೊಡ್ಡದು, ಜ್ವರ, ಚರ್ಮದಲ್ಲಿ ಗುಳ್ಳೆ, ರಕ್ತದಲ್ಲಿ ಮೋನೋಸೈಟ್ ಜಾಸ್ತಿ. ಸಿಎಂವಿಯಂಥ ವೈರಸ್ ಸೋಂಕೂ ಹೀಗೇ ಕಾಣುತ್ತದೆ, ಹಾಗಾಗಿ ಸೋಂಕು ಇಲ್ಲ ಅಂತ ಮೊದಲು ನೋಡಬೇಕು. ಹುಟ್ಟಿದ ಕೂಸುಗಳಲ್ಲಿ ಇರುವ ಬಗೆಯ ಹಿಮೋಗ್ಲೋಬಿನ್, ಅಂದರೆ ಎಚ್‌ಬಿಎಫ್, ವಯಸ್ಸಿಗೆ ಮೀರಿ ಜಾಸ್ತಿ ಇರುವುದು ಒಂದು ಸುಳಿವು. ಆದರೆ ರಕ್ತ ಕೊಡಿಸಿದ ಮೇಲೆ ಇದನ್ನು ಅಳೆದರೆ ಲೆಕ್ಕ ಕೆಡುತ್ತದೆ, ಮೊದಲೇ ಸ್ಯಾಂಪಲ್ ತೆಗೆಯಬೇಕು. ಖಚಿತವಾಗುವುದು ಪಿಟಿಪಿಎನ್11, ಎನ್‌ರಾಸ್, ಕೆರಾಸ್, ಎನ್‌ಎಫ್1, ಸಿಬಿಎಲ್ ಜೀನ್‌ಗಳ ಪರೀಕ್ಷೆಯಿಂದ. ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು ಹಲವು ಇದ್ದರೆ ಡಾಕ್ಟರಿಗೆ ತೋರಿಸಿ, ಎನ್‌ಎಫ್1ಗೆ ಅದು ಗುರುತು. ಬಹುತೇಕರಿಗೆ ಬೋನ್ ಮ್ಯಾರೋ ಕಸಿ ಬೇಕು, ಕೆಲವು ಜೀನ್ ಬಗೆಯವರಲ್ಲಿ ಕಾದು ನೋಡುವುದೂ ಉಂಟು. ಜೀನ್ ರಿಪೋರ್ಟ್ ಬರುವ ಮೊದಲು ಯಾರ ಭವಿಷ್ಯವಾಣಿಯೂ ಬೇಡ.

ತೋಟಕ್ಕೆ ಔಷಧಿ ಹೊಡೀತೀವಿ. ಅದರಿಂದ ಬಂತಾ?

ಲೈನ್ ಮನೆಯ ತೋಟದ ಕೆಲಸಗಾರರೂ ಕೇಳುತ್ತಾರೆ, ತೋಟದ ಮಾಲೀಕರೂ ಕೇಳುತ್ತಾರೆ. ಕೀಟನಾಶಕಕ್ಕೂ ಮಕ್ಕಳ ಲ್ಯುಕೇಮಿಯಾಕ್ಕೂ ನಂಟು ತೋರಿಸಿದ ಅಧ್ಯಯನಗಳಿವೆ. ಆದರೆ ಈ ಮಗುವಿಗೆ ಇದರಿಂದಲೇ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ. ಕ್ಯಾನ್ಸರ್ ಇರಲಿ ಬಿಡಲಿ, ಔಷಧಿ ಹೊಡೆದ ಬಟ್ಟೆಯಲ್ಲಿ ಮಗು ಎತ್ತಿಕೊಳ್ಳಬೇಡಿ, ಖಾಲಿ ಕ್ಯಾನ್‌ನಲ್ಲಿ ನೀರು ತುಂಬಬೇಡಿ.

ಎಲ್ಲಿಗೆ ಹೋಗಬೇಕು? ದುಡ್ಡು ಎಷ್ಟಾಗುತ್ತೆ?

ಸ್ಮಿಯರ್, ಸ್ಕ್ಯಾನ್, ಮೊದಲ ಹಂತದ ಪರೀಕ್ಷೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಜಿಲ್ಲಾ ಮಟ್ಟದಲ್ಲಿ ಆಗುತ್ತದೆ. ಅನುಮಾನ ಗಟ್ಟಿಯಾದರೆ ಮಕ್ಕಳ ಕ್ಯಾನ್ಸರ್ ವಿಭಾಗ ಇರುವ ಕಡೆ ಹೋಗುವುದೇ ಒಳ್ಳೆಯದು, ಅರ್ಧ ಟೆಸ್ಟ್ ಇಲ್ಲಿ ಅರ್ಧ ಅಲ್ಲಿ ಮಾಡಿಸಿದರೆ ಮಗುವಿಗೆ ಎರಡೆರಡು ಸಲ ಚುಚ್ಚಬೇಕಾಗುತ್ತದೆ. ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಬೆಂಗಳೂರಿನ ಕಿದ್ವಾಯಿಗೆ, ಅದು ಸರ್ಕಾರದ ಸಂಸ್ಥೆ, 1973ರಿಂದ ಇದೆ. ಕೊಪ್ಪ, ಶೃಂಗೇರಿಯವರಿಗೆ ಆಗುಂಬೆ ಇಳಿದರೆ ಮಣಿಪಾಲ ಹತ್ತಿರ, ಮೂಡಿಗೆರೆ, ಸಕಲೇಶಪುರದವರು ಮಂಗಳೂರನ್ನೂ ನೋಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಘಾಟಿ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡು ಹೊರಡಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲಿಂದಲೇ ಬರೆಸಿಕೊಂಡು ಹೋಗಿ, ಅದಕ್ಕಾಗಿ ವಾಪಸ್ ಬಂದವರನ್ನು ನೋಡಿದ್ದೇನೆ. ಯಾವ ಜೆನೆಟಿಕ್ ಟೆಸ್ಟ್ ಇದರಲ್ಲಿ ಬರುತ್ತದೆ, ಯಾವುದು ಕೈಯಿಂದ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಿ. ಕ್ಯಾನ್ಸರ್ ರೋಗಿ ಮತ್ತು ಜೊತೆಗೆ ಹೋಗುವ ಒಬ್ಬರಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯಿಂದ ಒಂದು ಫಾರಂ ಸಹಿ ಮಾಡಿಸಬೇಕು.

ಎರಡು ಕಡೆ ಎರಡು ಥರ ರಿಪೋರ್ಟ್ ಬಂದಿದೆ. ಯಾರನ್ನ ನಂಬೋದು?

ಇಂಥ ಕಾಯಿಲೆಗಳಲ್ಲಿ ಇದು ಮಾಮೂಲು. ಯಾರೋ ಒಬ್ಬರು ದಡ್ಡರು ಅಂತ ಅಲ್ಲ. ಒಬ್ಬರಿಗೆ ಬರೀ ಬ್ಲಾಕ್ ಸಿಕ್ಕಿರುತ್ತದೆ, ಇನ್ನೊಬ್ಬರಿಗೆ ಹಸಿ ಮಜ್ಜೆ ಸಿಕ್ಕಿರುತ್ತದೆ, ಒಬ್ಬರು ಹತ್ತು ಗುರುತು ನೋಡಿರುತ್ತಾರೆ, ಇನ್ನೊಬ್ಬರು ಇಪ್ಪತ್ತು. ಎರಡೂ ರಿಪೋರ್ಟ್ ಮತ್ತು ಎರಡೂ ಕಡೆಯ ಸ್ಲೈಡ್‌ಗಳನ್ನು ಮಕ್ಕಳ ಕ್ಯಾನ್ಸರ್ ನೋಡುವ ಒಂದೇ ಪೆಥಾಲಜಿಸ್ಟ್ ಮುಂದೆ ಇಡಿಸಿ, ಸ್ಕ್ಯಾನ್ ಸಮೇತ. ಇನ್ನೊಬ್ಬರಿಗೆ ತೋರಿಸುತ್ತೇವೆ ಅಂದರೆ ಮೊದಲಿನವರಿಗೆ ಬೇಜಾರಾಗುತ್ತದೆ ಅನ್ನುವ ಸಂಕೋಚ ಬೇಡ. ನಾವೇ ಅನುಮಾನ ಬಂದಾಗ ಸ್ಲೈಡ್ ಕಳಿಸಿ ಕೇಳುತ್ತೇವೆ.

ಸ್ಲೈಡ್, ಬ್ಲಾಕ್ ನಮಗೆ ಕೊಡ್ತಾರಾ? ಹೇಗೆ ತೆಗೆದುಕೊಂಡು ಹೋಗೋದು?

ಕೊಡುತ್ತಾರೆ. ಲ್ಯಾಬ್‌ನಲ್ಲಿ ಒಂದು ಅರ್ಜಿ ಬರೆದು, ಐಡಿ ತೋರಿಸಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿದರೆ ಆಯಿತು. ಬ್ಲಾಕ್ ಅಂದರೆ ಮೇಣದೊಳಗೆ ಕೂರಿಸಿದ ತುಣುಕು, ಅದಕ್ಕೆ ಬಿಸಿ ಆಗದು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಸ್ಲೈಡ್‌ಗೆ ಪ್ಲಾಸ್ಟಿಕ್ ಮೇಲರ್ ಸಿಗುತ್ತದೆ, ಇಲ್ಲದಿದ್ದರೆ ಹತ್ತಿ ಸುತ್ತಿ ಗಟ್ಟಿ ಡಬ್ಬದಲ್ಲಿ ಇಟ್ಟು ಕೈಚೀಲದಲ್ಲಿ ಹಿಡಿದುಕೊಳ್ಳಿ, ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಮೇಲಿರುವ ನಂಬರ್ ರಿಪೋರ್ಟ್ ನಂಬರಿಗೆ ಹೊಂದುತ್ತದಾ ಅಂತ ಕೌಂಟರ್‌ನಲ್ಲೇ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ತಂದುಕೊಡಿ. ಕಾಯಿಲೆ ಮರುಕಳಿಸಿದರೆ ಹಳೆಯದರ ಜೊತೆ ಹೋಲಿಸಲು ಅದೇ ಬೇಕಾಗುತ್ತದೆ.